ನೆಂಟರ ನುಡಿ, ನೆರೆಯವರ ನುಡಿ

(ತುಮಕೂರಿನಲ್ಲಿ ಮಿಲ್ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ. ಇದೇ ವಿಷಯವನ್ನು ಇದಕ್ಕೆ ಮೊದಲು ಗುಬ್ಬಿಯಲ್ಲಿಯೂ ಕುಣಿಗಲ್ಲಿನಲ್ಲಿಯೂ ಮಂಡಿಸಲಾಗಿತ್ತು.)



ಈ ಸಂಜೆ ನಾವು ಭಾಷೆಯ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದಿದ್ದೇವೆ. ಕೂಲಿ, ಬೋನಸ್ಸು, ಮಳಿಗೆಯ ಬಾಡಿಗೆ ಇವನ್ನೆಲ್ಲ ಬಿಟ್ಟು ಭಾಷೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಅದಕ್ಕೆ ಕಾರಣವಿದೆ. ಮಿಲ್ಲಿನ ಅಂಗಳದಲ್ಲಿ, ಸಂತೆಯಲ್ಲಿ, ಟೀ ಅಂಗಡಿಯ ಬೆಂಚಿನ ಮೇಲೆ ಒಂದು ಮಾತು ಮತ್ತೆ ಮತ್ತೆ ನಮ್ಮ ಕಿವಿಗೆ ಬೀಳುತ್ತಿದೆ: "ಅವರ ಭಾಷೆಯೇ ಬೇರೆ, ನಮ್ಮ ಭಾಷೆಯೇ ಬೇರೆ, ಅವರಿಗೂ ನಮಗೂ ಹೊಂದಿಕೆಯಾಗುವುದಿಲ್ಲ." ಕನ್ನಡ ಮಾತಾಡುವವರು ಉರ್ದು ಮಾತಾಡುವವರನ್ನು ಕುರಿತು ಹೀಗೆ ಹೇಳುತ್ತಾರೆ. ಇಬ್ಬರೂ ಸೇರಿ ಬಿಹಾರ, ಒಡಿಶಾಗಳಿಂದ ವಸಂತನರಸಾಪುರದ ಕಾರ್ಖಾನೆಗಳಿಗೆ ಬಂದಿರುವ ಹುಡುಗರನ್ನು ಕುರಿತು ಹೀಗೆಯೇ ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ನಿಜವಿದೆ. ಪೂರ್ತಿ ಸುಳ್ಳಾದರೆ ಒಂದೇ ದಿನದಲ್ಲಿ ಬಯಲಾಗುತ್ತದೆ. ಅರ್ಧ ನಿಜವಾದದ್ದು ವರ್ಷಗಟ್ಟಲೆ ಮನೆ ಒಡೆಯುತ್ತದೆ. ಆದುದರಿಂದ ಇದನ್ನು ಬಿಡಿಸಿ ನೋಡುವುದು ನಮ್ಮ ಕರ್ತವ್ಯ.

ಭಾಷೆ ಬೇರೆ ಎಂದರೆ ಏನು? ಒಂದು ಭಾಷೆ ಇನ್ನೊಂದಕ್ಕೆ ನೆಂಟನೋ ಅಲ್ಲವೋ ಎಂದು ಗೊತ್ತುಮಾಡುವುದು ಹೇಗೆ? ನಮ್ಮ ಮನೆಯ ಜಗಳದಿಂದಲೇ ಮೊದಲು ಮಾಡಿದರೆ ಕೋಪ ಬರುತ್ತದೆ, ಬುದ್ಧಿ ಓಡುವುದಿಲ್ಲ. ಆದುದರಿಂದ ಮೊದಲು ನಮಗೆ ಯಾವ ಪಕ್ಷಪಾತವೂ ಇಲ್ಲದ ದೂರದ ಎರಡು ಭಾಷೆಗಳನ್ನು ತೆಗೆದುಕೊಳ್ಳೋಣ. ಒಂದು ಜಾರ್ಜಿಯದ ಭಾಷೆ. ಅದು ಕಪ್ಪು ಸಮುದ್ರಕ್ಕೂ ಕಾಕಸಸ್ ಬೆಟ್ಟಗಳಿಗೂ ನಡುವಣ ನಾಡು. ಇನ್ನೊಂದು ಲಿಥುವೇನಿಯದ ಭಾಷೆ. ಅದು ಉತ್ತರದಲ್ಲಿ ಬಾಲ್ಟಿಕ್ ಸಮುದ್ರದ ದಡದ ನಾಡು. ಎರಡನ್ನೂ ಆಡುವವರನ್ನು ಕೂಡಿಸಿದರೂ ಒಂದು ಕೋಟಿಯಾಗುವುದಿಲ್ಲ. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಇದರಿಂದ ಅಳತೆ ತಿಳಿಯಬಹುದು. ಎರಡು ನಾಡುಗಳೂ ಹಿಂದೆ ರಷ್ಯದ ಜಾರನ ಕೈಕೆಳಗಿದ್ದವು, ಆಮೇಲೆ ಸೋವಿಯೆತ್ ಒಕ್ಕೂಟದಲ್ಲಿದ್ದವು. ಲಿಥುವೇನಿಯ 1990ರಲ್ಲಿ, ಜಾರ್ಜಿಯ 1991ರಲ್ಲಿ ಸ್ವಾತಂತ್ರ್ಯವನ್ನು ಸಾರಿದವು. ಒಂದೇ ಛತ್ರದ ಕೆಳಗೆ ಅಷ್ಟು ಕಾಲ ಇದ್ದ ಮೇಲೆ ಭಾಷೆಗಳೂ ನೆಂಟರೇ ಇರಬಹುದು ಎಂದು ಯಾರಾದರೂ ಊಹಿಸಬಹುದು. ನೋಡೋಣ.

ಬೆಂಕಿಗೆ ಲಿಥುವೇನಿಯದಲ್ಲಿ 'ಉಗ್ನಿಸ್' ಎನ್ನುತ್ತಾರೆ, ಹೊಗೆಗೆ 'ದೂಮಯ್', ಹಲ್ಲಿಗೆ 'ದಂತಿಸ್', ಕಣ್ಣಿಗೆ 'ಅಕಿಸ್', ದಿನಕ್ಕೆ 'ದಿಯೆನ', ಹೊಸದಕ್ಕೆ 'ನೌಯಸ್'. ಇದನ್ನು ಕೇಳಿದ ಕೂಡಲೆ ಇಲ್ಲಿ ಕುಳಿತಿರುವ ಪೂಜಾರಿಯ ಮಗನಿಗೆ ಅಗ್ನಿ, ಧೂಮ, ದಂತ, ಅಕ್ಷಿ, ದಿನ, ನವ ಎಂಬ ಸಂಸ್ಕೃತದ ಮಾತುಗಳು ನೆನಪಾಗುತ್ತವೆ. ಪಕ್ಕದಲ್ಲಿ ಕುಳಿತಿರುವ ಬೀಡಿ ಕೆಲಸದ ಸಾಹೇಬರಿಗೆ ಆಗ್, ಧುವಾಂ, ದಾಂತ್, ಆಂಖ್, ದಿನ್, ನಯಾ ಎಂಬ ತಮ್ಮ ಮನೆಯ ಮಾತುಗಳೇ ನೆನಪಾಗುತ್ತವೆ. ಇಬ್ಬರೂ ಸರಿ. ಎಣಿಕೆ ನೋಡಿ: ಲಿಥುವೇನಿಯದಲ್ಲಿ ಎರಡು 'ದು', ಐದು 'ಪೆನ್ಕಿ', ಏಳು 'ಸೆಪ್ತೀನಿ', ಎಂಟು 'ಅಶ್ತುವೊನಿ', ಹತ್ತು 'ದೆಶಿಮ್ತ್'. ಉರ್ದುವಿನಲ್ಲಿ ದೋ, ಪಾಂಚ್, ಸಾತ್, ಆಠ್, ದಸ್. ಈ ಬಗೆಯ ನೆಂಟಸ್ತಿಕೆಯನ್ನು 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಎಂಬ ನ್ಯಾಯಾಧೀಶರು ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳನ್ನಿಟ್ಟುಕೊಂಡು ತೋರಿಸಿದರು. ಲಿಥುವೇನಿಯದ್ದು ಅದೇ ದೊಡ್ಡ ಕುಟುಂಬಕ್ಕೆ ಸೇರಿದ ನುಡಿ.

ಇನ್ನು ಜಾರ್ಜಿಯದ ಕಡೆ ತಿರುಗಿ. ಬೆಂಕಿ 'ತ್ಸೆತ್ಸ್ಖ್ಲಿ', ಹೊಗೆ 'ಕ್ವಾಮ್ಲಿ', ಹಲ್ಲು 'ಕ್ಬೀಲಿ', ಕಣ್ಣು 'ತ್ವಾಲಿ', ಹೊಸದು 'ಅಖಾಲಿ'. ಒಂದು 'ಎರ್ತಿ', ಎರಡು 'ಓರಿ', ಮೂರು 'ಸಾಮಿ', ಹತ್ತು 'ಅತಿ'. ಲೆಕ್ಕವನ್ನು ಅವರು ಇಪ್ಪತ್ತರ ಮೇಲೆ ಕಟ್ಟುತ್ತಾರೆ: ನಲವತ್ತೆಂದರೆ 'ಎರಡು ಇಪ್ಪತ್ತು', ಅರವತ್ತೆಂದರೆ 'ಮೂರು ಇಪ್ಪತ್ತು', ಎಪ್ಪತ್ತೆಂದರೆ 'ಮೂರು ಇಪ್ಪತ್ತರ ಮೇಲೆ ಹತ್ತು'. ಲಿಥುವೇನಿಯದ ನುಡಿಗೂ ಇದಕ್ಕೂ ನೆಂಟಸ್ತಿಕೆಯಿಲ್ಲ. ರಷ್ಯನ್ ಭಾಷೆಗೂ ಇಲ್ಲ. ಮಿಂಗ್ರೆಲಿಯನ್, ಲಾಜ್, ಸ್ವಾನ್ ಎಂಬ ಮೂರು ಸಣ್ಣ ಭಾಷೆಗಳನ್ನು ಬಿಟ್ಟರೆ ಜಗತ್ತಿನಲ್ಲಿ ಅದಕ್ಕೆ ನೆಂಟರಿದ್ದಾರೆಂದು ಯಾರೂ ಸ್ಥಾಪಿಸಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಜಾರ್ಜಿಯದಲ್ಲಿ 'ಮಾಮಾ' ಎಂಬ ಶಬ್ದವಿದೆ. ಆಹಾ, ನಮ್ಮ ಮಾಮ ಎನ್ನಬೇಡಿ; ಅವರಲ್ಲಿ ಅದಕ್ಕೆ ತಂದೆ ಎಂದು ಅರ್ಥ, ತಾಯಿಗೆ 'ದೆದಾ' ಎನ್ನುತ್ತಾರೆ. ಒಂದೊಂದು ಶಬ್ದ ಕಿವಿಗೆ ಒಂದೇ ರೀತಿ ಕೇಳಿಸಿದ ಮಾತ್ರಕ್ಕೆ ನೆಂಟಸ್ತಿಕೆಯಾಗುವುದಿಲ್ಲ. ಕ್ರಮವಾಗಿ, ಸಾಲುಸಾಲಾಗಿ ಹೊಂದಬೇಕು. ಕ್ರಮವೆಂದರೇನೆಂಬುದನ್ನು ನಮ್ಮ ಕನ್ನಡದಿಂದಲೇ ತೋರಿಸುತ್ತೇವೆ. ನಾವು ಹಾಲು ಎನ್ನುತ್ತೇವೆ, ಪಾವಗಡದ ಕಡೆಯ ತೆಲುಗಿನವರು ಪಾಲು ಎನ್ನುತ್ತಾರೆ. ನಮ್ಮ ಹುಲಿ ಅವರ ಪುಲಿ. ನಮ್ಮ ಹೊಗೆ ಅವರ ಪೊಗ. ನಮ್ಮ ಹಗಲು ಅವರ ಪಗಲು. ನಮ್ಮ ಹತ್ತು ಅವರ ಪದಿ. ನಮ್ಮಲ್ಲಿ 'ಹ' ಇದ್ದ ಕಡೆ ಅವರಲ್ಲಿ 'ಪ' ನಿಂತಿದೆ. ಹಳಗನ್ನಡದಲ್ಲಿ ನಮ್ಮವರೂ ಪಾಲ್, ಪುಲಿ, ಪತ್ತು ಎಂದೇ ಬರೆಯುತ್ತಿದ್ದರು. ಲೆಕ್ಕದ ಪುಸ್ತಕದಲ್ಲಿ ಜಮೆಯೂ ಖರ್ಚೂ ಸಾಲುಸಾಲಿಗೆ ತಾಳೆಯಾದ ಹಾಗೆ ಇದು ತಾಳೆಯಾಗುತ್ತದೆ. ತೆಲುಗು, ತಮಿಳು, ಕನ್ನಡಗಳು ಒಂದೇ ಮನೆತನದವು, ಅವು ಸಂಸ್ಕೃತದಿಂದ ಹುಟ್ಟಿದವಲ್ಲ ಎಂದು 1816ರಲ್ಲಿ ಮದರಾಸಿನಲ್ಲಿ ಎಲ್ಲಿಸ್ ಎಂಬ ಅಧಿಕಾರಿ ಬರೆದರು. 1856ರಲ್ಲಿ ಕಾಲ್ಡ್‌ವೆಲ್ ಎಂಬ ಪಾದ್ರಿ ಅದನ್ನು ದೊಡ್ಡ ವ್ಯಾಕರಣವಾಗಿ ವಿಸ್ತರಿಸಿದರು. ಇದು ಪಂಡಿತರಿಗೆ ಮಾತ್ರ ಸೇರಿದ ವಿದ್ಯೆಯೆಂದು ತಿಳಿಯಬೇಡಿ. ಭಾಷಾಶಾಸ್ತ್ರವನ್ನು ಆಳವಾಗಿ ಓದಿದ ತೀ. ನಂ. ಶ್ರೀಕಂಠಯ್ಯನವರು ನಮ್ಮ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದವರು.

ಹಾಗಾದರೆ ಫಲಿತಾಂಶವೇನು? ಕನ್ನಡಕ್ಕೂ ಉರ್ದುವಿಗೂ ನೆಂಟಸ್ತಿಕೆಯಿಲ್ಲ. ಜಾರ್ಜಿಯಕ್ಕೂ ಲಿಥುವೇನಿಯಕ್ಕೂ ಇಲ್ಲದ ಹಾಗೆಯೇ. ಇದೇ ಆ ಅರ್ಧ ನಿಜ. ಕುಣಿಗಲ್ಲಿನ ಸಭೆಯಲ್ಲಿ ಇಷ್ಟು ಹೇಳಿದ ಕೂಡಲೆ ಒಬ್ಬ ತರುಣರು ಎದ್ದು ನಿಂತು, "ನೀವೇ ಒಪ್ಪಿಕೊಂಡಿರಿ. ಉರ್ದುವಿನ ನೆಂಟರು ಲಿಥುವೇನಿಯದಲ್ಲಿದ್ದಾರೆ ಎಂದ ಮೇಲೆ ಅದು ಹೊರಗಿನ ಭಾಷೆ ತಾನೆ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರವನ್ನು ನೀವೂ ಕೇಳಿ. ಆ ಲೆಕ್ಕದಲ್ಲಿ ಮರಾಠಿ ಹೊರಗಿನದು, ಕೊಂಕಣಿ ಹೊರಗಿನದು, ನಮ್ಮ ತಾಂಡಾಗಳ ಲಂಬಾಣಿ ಹೊರಗಿನದು. ಎಲ್ಲಕ್ಕಿಂತ ಮೊದಲು ಸಂಸ್ಕೃತವೇ ಹೊರಗಿನದಾಗುತ್ತದೆ, ಏಕೆಂದರೆ ಲಿಥುವೇನಿಯಕ್ಕೆ ಉರ್ದುವಿಗಿಂತ ಹತ್ತಿರವಾಗಿ ಕಾಣುವುದು ಸಂಸ್ಕೃತ. ದೇವಸ್ಥಾನದ ಮಂತ್ರವನ್ನು ಊರಾಚೆ ಕಳಿಸುತ್ತೀರಾ? ಭಾಷೆಯ ವಂಶಾವಳಿ ಮಾತಿನ ಹುಟ್ಟನ್ನು ಹೇಳುತ್ತದೆ. ಅದನ್ನು ಆಡುವ ಮನುಷ್ಯ ಎಲ್ಲಿ ಹುಟ್ಟಿದ, ಯಾವ ಮಣ್ಣಿಗೆ ಬೆವರು ಸುರಿಸಿದ ಎಂಬುದನ್ನು ಹೇಳುವುದಿಲ್ಲ.

ಈಗ ಉಳಿದ ಅರ್ಧಕ್ಕೆ ಬರೋಣ. ನೆಂಟರಾಗದಿದ್ದರೂ ನೆರೆಯವರಾಗಬಹುದು. ಬಹಮನಿ ಸುಲ್ತಾನರ ರಾಜ್ಯ ಕಲಬುರಗಿಯಲ್ಲಿ 1347ರಲ್ಲಿ ನಿಂತಿತು. ಮೊಗಲರು 1687ರಲ್ಲಿ ನಮ್ಮ ಜಿಲ್ಲೆಯ ಸಿರಾವನ್ನೇ ಒಂದು ಪ್ರಾಂತದ ಮುಖ್ಯಸ್ಥಾನ ಮಾಡಿಕೊಂಡರು. ದೊರೆಗಳು ಬಂದರು, ಹೋದರು. ಆದರೆ ಸಂತೆಯಲ್ಲಿ, ಕಣದಲ್ಲಿ, ಮಗ್ಗದ ಮುಂದೆ ಎರಡು ನುಡಿಯ ಜನ ಇಷ್ಟು ಶತಮಾನ ಪಕ್ಕಪಕ್ಕದಲ್ಲಿ ದುಡಿದರು. ಅದರ ಗುರುತು ಎರಡು ಭಾಷೆಗಳ ಮೈಮೇಲೂ ಬಿದ್ದಿದೆ.

ಇಲ್ಲಿ ಕುಳಿತಿರುವ ವ್ಯಾಪಾರಸ್ಥರು ದಿನವೂ ಆಡುವ ಮಾತುಗಳನ್ನು ನೋಡಿ: ಬಾಕಿ, ನಗದು, ರಸೀದಿ, ಖರ್ಚು, ದಲ್ಲಾಳಿ, ಗುಮಾಸ್ತ. ಮೂಟೆ ಹೊರುವ ಸಂಗಾತಿಯ ಹೆಸರೇ ಹಮಾಲಿ. ಇವೆಲ್ಲ ಅರಬ್ಬಿ, ಫಾರಸಿಗಳಿಂದ ನಮ್ಮಲ್ಲಿಗೆ ಬಂದ ಮಾತುಗಳು. ಇವನ್ನು ತೆಗೆದುಹಾಕಿದರೆ ಗುಬ್ಬಿಯಲ್ಲಿ ಒಂದು ಮೂಟೆ ಅಡಿಕೆ ಮಾರುವುದೂ ಕಷ್ಟ. ಕುಣಿಗಲ್ಲಿನ ಕುದುರೆ ಫಾರಂ ನಿಮಗೆ ಗೊತ್ತೇ ಇದೆ. ಕುದುರೆ ನಮ್ಮ ಮಾತು. ಅದರ ಮೇಲೆ ಹಾಕುವ ಜೀನು, ಲಗಾಮು, ರಿಕಾಪು, ಮೇಲೆ ಕೂರುವ ಸವಾರ ಎಲ್ಲವೂ ಫಾರಸಿಯ ಕಡೆಯವು. ಕೂಲಿ ಎಂಬ ಮಾತು ಮಾತ್ರ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಒಂದೇ. ಬಡ್ಡಿಯಾದರೋ ಸಂಸ್ಕೃತದ 'ವೃದ್ಧಿ'ಯಿಂದ ಇಳಿದು ಬಂದದ್ದು. ಅದು ಎಲ್ಲ ಭಾಷೆಗಳಲ್ಲಿಯೂ ವೃದ್ಧಿಯಾಗುತ್ತಲೇ ಇದೆ.

ಮಾತು ಕೊಟ್ಟು ತೆಗೆದುಕೊಳ್ಳುವುದು ಸಣ್ಣದು. ವಾಕ್ಯದ ಕಟ್ಟಡವೇ ಬದಲಾಗುವುದು ದೊಡ್ಡದು. ನಮ್ಮ ಊರಿನ ಮುಸಲ್ಮಾನರು ಮನೆಯಲ್ಲಿ ಆಡುವುದು ದಖನಿ. "ಬರ್ತೀನಿ ಅಂತ ಹೇಳಿದ" ಎಂಬುದನ್ನು ಲಖನೌದವರು "ಉಸ್ ನೇ ಕಹಾ ಕಿ ಮೈಂ ಆವೂಂಗಾ" ಎನ್ನುತ್ತಾರೆ. ಅಂದರೆ 'ಹೇಳಿದ' ಎಂಬುದು ಮೊದಲು, ಹೇಳಿದ ಮಾತು ಆಮೇಲೆ. ನಮ್ಮ ದಖನಿಯವರು "ಆತೂಂ ಬೋಲ್ಕೆ ಬೋಲ್ಯಾ" ಎನ್ನುತ್ತಾರೆ. ಬರ್ತೀನಿ – ಆತೂಂ. ಅಂತ – ಬೋಲ್ಕೆ. ಹೇಳಿದ – ಬೋಲ್ಯಾ. ಪದಕ್ಕೆ ಪದ ಕೂತಿದೆ. ಪಾವಗಡದವರು "ವಸ್ತಾನು ಅನಿ ಚೆಪ್ಪಾಡು" ಎನ್ನುತ್ತಾರೆ, ಅದೂ ಹಾಗೆಯೇ. ಶಬ್ದಗಳು ಉತ್ತರದವು, ಕಟ್ಟಡ ನಮ್ಮದು. 'ಬೋಲ್ಕೆ' ಎಂದರೆ ಉತ್ತರದವರು ನಗುತ್ತಾರೆ, ಇದು ಕೆಟ್ಟ ಉರ್ದು ಎನ್ನುತ್ತಾರೆ. ಅದು ಕೆಟ್ಟ ಉರ್ದುವಲ್ಲ. ಕನ್ನಡ, ತೆಲುಗಿನವರ ಜೊತೆಯಲ್ಲಿ ಬಾಳಿದ ಉರ್ದು. ನಮ್ಮ ಹಳ್ಳಿಯ ಕನ್ನಡವನ್ನು ಪೇಟೆಯವರು ಒರಟು ಎಂದರೆ ನಮಗೆ ನೋವಾಗುವುದಿಲ್ಲವೆ? ಅದೇ ನೋವು ಅವರಿಗೂ ಇದೆ.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ಗಡಿಯಾಚೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಅಲ್ಲಿ ಕುಪ್ವಾಡ ಎಂಬ ಹಳ್ಳಿ, ಈಗ ಸಾಂಗ್ಲಿ ಮಹಾನಗರಕ್ಕೆ ಸೇರಿಹೋಗಿದೆ. ಅಲ್ಲಿ ಜೈನರ ಮನೆಯಲ್ಲಿ ಕನ್ನಡ, ಮುಸಲ್ಮಾನರ ಮನೆಯಲ್ಲಿ ಉರ್ದು, ಇತರರಲ್ಲಿ ಮರಾಠಿ, ಕೆಲವರಲ್ಲಿ ತೆಲುಗು. ಗಂಪರ್ಜ್ ಮತ್ತು ವಿಲ್ಸನ್ ಎಂಬ ಇಬ್ಬರು ವಿದ್ವಾಂಸರು ಆ ಊರಿನ ಮಾತನ್ನು ಪರೀಕ್ಷಿಸಿ 1971ರಲ್ಲಿ ಪ್ರಕಟಿಸಿದರು. ಶಬ್ದಗಳು ಬೇರೆಯಾಗಿಯೇ ಉಳಿದಿವೆ, ಆದರೆ ಒಂದು ಭಾಷೆಯ ವಾಕ್ಯದ ಪದಗಳನ್ನು ಒಂದೊಂದಾಗಿ ತೆಗೆದು ಇನ್ನೊಂದು ಭಾಷೆಯ ಪದವಿಟ್ಟರೆ ಸಾಕು, ವಾಕ್ಯ ಸಿದ್ಧ ಎಂಬುದು ಅವರು ಕಂಡ ಸಂಗತಿ. ಯಾರೂ ತಮ್ಮ ಮನೆಮಾತನ್ನು ಬಿಡಲಿಲ್ಲ. ಯಾರೂ ಇನ್ನೊಬ್ಬರ ಮನೆಮಾತಿಗೆ ಕಲ್ಲು ಹಾಕಲಿಲ್ಲ. ನಾಲ್ಕು ಜನರ ನಡುವೆ ಆಡುವುದಕ್ಕೆ ಆ ನಾಡಿನ ಮಾತಾದ ಮರಾಠಿಯನ್ನು ಇಟ್ಟುಕೊಂಡರು.

ಇನ್ನೊಂದು ಸಂಗತಿಯನ್ನು ಹೇಳಬೇಕು. ಕೆಲಸಗಾರರಿಗೆ ಇದು ಬೇಗ ಅರ್ಥವಾಗುತ್ತದೆ. ಚಳಿಯಾದಾಗ ನಾವು "ನನಗೆ ಚಳಿ" ಎನ್ನುತ್ತೇವೆ. "ನಾನು ಚಳಿ" ಎನ್ನುವುದಿಲ್ಲ. ಚಳಿ ನಾವು ಮಾಡುವ ಕೆಲಸವಲ್ಲ, ನಮ್ಮ ಮೇಲೆ ಬರುವ ಸಂಗತಿ. ತೆಲುಗಿನವರು 'ನಾಕು' ಎಂದು ಶುರುಮಾಡುತ್ತಾರೆ, ದಖನಿಯವರು 'ಮೇರೆಕು' ಎಂದು. ಲಿಥುವೇನಿಯದವರು 'ಮನ್ ಶಾಲ್ತ' ಎನ್ನುತ್ತಾರೆ. 'ಮನ್' ಎಂದರೆ ನನಗೆ. ಜಾರ್ಜಿಯದವರು 'ಮ್ತ್ಸಿವಾ' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ; ಅದರ ಮೊದಲ 'ಮ್'ನಲ್ಲಿಯೇ 'ನನಗೆ' ಎಂಬುದು ಅಡಗಿದೆ. ಹಸಿವಾದಾಗಲೂ ಅವರು 'ಮ್ಶಿಯಾ' ಎನ್ನುತ್ತಾರೆ, ನನಗೆ ಹಸಿವು. ಇಂಗ್ಲಿಷಿನವರು ಮಾತ್ರ 'ನಾನು ಹಸಿದವನು' ಎಂಬಂತೆ ಹೇಳುತ್ತಾರೆ. ಇಷ್ಟರಿಂದ ಈ ಭಾಷೆಗಳೆಲ್ಲ ನೆಂಟರೆಂದು ನಾವು ಹೇಳುವುದಿಲ್ಲ. ಆ ಎಚ್ಚರಿಕೆಯನ್ನು ಆಗಲೇ ಕೊಟ್ಟಿದ್ದೇವೆ. ನೆಂಟಸ್ತಿಕೆಯಿಲ್ಲದವರೂ ಒಂದೇ ಅನುಭವಕ್ಕೆ ಒಂದೇ ಬಗೆಯ ವಾಕ್ಯವನ್ನು ಕಟ್ಟಬಲ್ಲರು ಎಂಬುದಷ್ಟನ್ನೇ ಹೇಳುತ್ತೇವೆ.

ಇನ್ನು ಅಧಿಕಾರದ ಪ್ರಶ್ನೆ. ಜಾರನ ಸರ್ಕಾರ 1864ರಿಂದ 1904ರ ತನಕ, ನಲವತ್ತು ವರ್ಷ, ಲಿಥುವೇನಿಯದ ನುಡಿಯನ್ನು ಅದರ ರೂಢಿಯ ಲಿಪಿಯಲ್ಲಿ ಅಚ್ಚುಹಾಕಕೂಡದೆಂದು ನಿಷೇಧಿಸಿತು. ರಷ್ಯದ ಅಕ್ಷರದಲ್ಲಿಯೇ ಬರೆಯಬೇಕೆಂದಿತು. ಜನ ಒಪ್ಪಲಿಲ್ಲ. ಗಡಿಯಾಚೆ ಪ್ರಷ್ಯದಲ್ಲಿ ಅಚ್ಚಾದ ಪುಸ್ತಕಗಳನ್ನು ರೈತರು ಬೆನ್ನಮೇಲೆ ಹೊತ್ತು ರಾತ್ರಿಯಲ್ಲಿ ಗಡಿ ದಾಟಿಸಿದರು. ಸಿಕ್ಕಿಬಿದ್ದವರು ಸೆರೆಮನೆಗೆ, ಸೈಬೀರಿಯಕ್ಕೆ ಹೋದರು. ಕೊನೆಗೆ ಸರ್ಕಾರವೇ ನಿಷೇಧವನ್ನು ತೆಗೆಯಿತು. ಜಾರ್ಜಿಯದ ಕಥೆ ಇನ್ನೂ ಹತ್ತಿರದ್ದು. ಆ ನುಡಿಗೆ ತನ್ನದೇ ಲಿಪಿಯಿದೆ. ನಮ್ಮ ಹಲ್ಮಿಡಿಯ ಶಾಸನದ ಹಾಗೆ ಅದರ ಹಳೆಯ ಶಾಸನಗಳೂ 5ನೆಯ ಶತಮಾನದವು. 1978ರಲ್ಲಿ ಹೊಸ ಸಂವಿಧಾನದ ಕರಡಿನಲ್ಲಿ ಜಾರ್ಜಿಯನ್ ಭಾಷೆಗೆ ರಾಜ್ಯಭಾಷೆಯ ಸ್ಥಾನವನ್ನು ಬಿಟ್ಟುಬಿಟ್ಟಿದ್ದರು. ಏಪ್ರಿಲ್ 14ರಂದು ತ್ಬಿಲಿಸಿ ನಗರದಲ್ಲಿ ಸಾವಿರಾರು ಜನ, ಅವರಲ್ಲಿ ಬಹಳ ಮಂದಿ ವಿದ್ಯಾರ್ಥಿಗಳು, ಬೀದಿಗಿಳಿದರು. ಸರ್ಕಾರ ಹಿಂದೆ ಸರಿದು ಆ ಸ್ಥಾನವನ್ನು ಉಳಿಸಿತು. ಸಮಾಜವಾದದ ಹೆಸರಿನಲ್ಲಿ ಆಳುವವರಾದರೂ ಜನರ ನುಡಿಯ ಮೇಲೆ ಕೈಹಾಕಿದರೆ ಜನ ಸುಮ್ಮನಿರುವುದಿಲ್ಲ ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಈ ಎರಡು ಜನಾಂಗಗಳಿಗೆ ನುಡಿಯ ನೆಂಟಸ್ತಿಕೆಯಿರಲಿಲ್ಲ. ಮೇಲಿನಿಂದ ಬಿದ್ದ ಒತ್ತಡ ಮಾತ್ರ ಒಂದೇ ಆಗಿತ್ತು.

ನಮ್ಮಲ್ಲಿ ಏನಾಯಿತು? 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಕೆಲವೇ ನಿಮಿಷಗಳ ಉರ್ದು ವಾರ್ತೆ ಆರಂಭವಾದದ್ದಕ್ಕೆ ಗಲಭೆಯಾಯಿತು. 20ಕ್ಕೂ ಹೆಚ್ಚು ಜನ ಸತ್ತರು. ಕನ್ನಡಕ್ಕೆ ಆಗಬೇಕಾದ ನ್ಯಾಯ ನೂರಿದೆ. 1963ರಲ್ಲಿಯೇ ರಾಜ್ಯದ ಆಡಳಿತಭಾಷೆಯ ಕಾಯಿದೆಯಾಗಿದ್ದರೂ ಬ್ಯಾಂಕಿನ ಸಾಲದ ಪತ್ರ, ವಿಮೆಯ ಕರಾರು ನಮ್ಮ ಕೈಗೆ ಬರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ. ಆ ನ್ಯಾಯ ಸತ್ತವರಿಂದ ಒಂದಂಗುಲವಾದರೂ ಮುಂದೆ ಹೋಯಿತೆ? ಇಲ್ಲ.

ನಮ್ಮ ಜಿಲ್ಲೆಯಲ್ಲಿ ಒಂದು ಮಿಲ್ಲಿನಲ್ಲಿ ನಡೆದದ್ದನ್ನು ಹೇಳುತ್ತೇವೆ, ಹೆಸರು ಬೇಡ. ಪಾಳಿಯ ಹೊತ್ತು ಬದಲಾಯಿಸುವ ನೋಟೀಸನ್ನು ಬಾಗಿಲಿನಲ್ಲಿ ಇಂಗ್ಲಿಷಿನಲ್ಲಿ ಅಂಟಿಸಿದರು. ಕನ್ನಡದವರಿಗೆ ಒಬ್ಬ ಗುಮಾಸ್ತ ಒಂದು ಬಗೆಯಾಗಿ ಅರ್ಥ ಹೇಳಿದ, ಉರ್ದುವಿನವರಿಗೆ ಇನ್ನೊಬ್ಬ ಮತ್ತೊಂದು ಬಗೆಯಾಗಿ. ರಾತ್ರಿಪಾಳಿಯ ಭತ್ಯವನ್ನು ಅವರು ಬಿಟ್ಟುಕೊಟ್ಟರು ಎಂದು ಇವರು, ಇವರು ಬಿಟ್ಟುಕೊಟ್ಟರು ಎಂದು ಅವರು. ಮೂರು ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾಲ್ಕನೆಯ ಸಂಜೆ ನಾವು ಆ ಕಾಗದವನ್ನು ಎಲ್ಲರ ಮುಂದೆ ಕನ್ನಡದಲ್ಲಿ, ದಖನಿಯಲ್ಲಿ, ಹಿಂದಿಯಲ್ಲಿ ಸಾಲುಸಾಲಾಗಿ ಓದಿಸಿದೆವು. ಯಾರೂ ಯಾವುದನ್ನೂ ಬಿಟ್ಟುಕೊಟ್ಟಿರಲಿಲ್ಲ. ಕಾಗದವೇ ಎಲ್ಲರ ಭತ್ಯವನ್ನೂ ತೆಗೆದಿತ್ತು. ಮಾರನೆಯ ಬೆಳಗ್ಗೆ ಎಲ್ಲರೂ ಒಂದೇ ಅರ್ಜಿಗೆ ರುಜು ಹಾಕಿದರು. ಅರ್ಜಿ ಕನ್ನಡದಲ್ಲಿತ್ತು.

ಕಾರ್ಖಾನೆಯ ನಿಯಮಗಳನ್ನು ಇಂಗ್ಲಿಷಿನ ಜೊತೆಗೆ ಹೆಚ್ಚು ಜನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಬಾಗಿಲ ಬಳಿ ಹಾಕಬೇಕೆಂದು 1946ರ ಸ್ಥಾಯೀ ಆದೇಶಗಳ ಕಾಯಿದೆಯಲ್ಲಿಯೇ ಬರೆದಿತ್ತು. ಕಾಯಿದೆಗಳು ಬದಲಾಗುತ್ತವೆ, ಈ ನ್ಯಾಯ ಬದಲಾಗುವುದಿಲ್ಲ.

ಆದುದರಿಂದ ಈ ಸಭೆಯ ಮುಂದೆ ಮೂರು ಕೆಲಸಗಳನ್ನು ಇಡುತ್ತೇವೆ. ಮೊದಲನೆಯದು: ಕೂಲಿ, ಪಾಳಿ, ದಂಡ ಇವುಗಳ ಯಾವ ಕಾಗದವೇ ಆಗಲಿ, ಕನ್ನಡದಲ್ಲಿ ಇಲ್ಲದೆ ನಾವು ರುಜು ಹಾಕುವುದಿಲ್ಲ. ಕನ್ನಡ ಬಾರದ ಸಂಗಾತಿಯಿದ್ದರೆ ಅವನ ಮಾತಿನಲ್ಲಿ ಓದಿ ಹೇಳುವ ತನಕ ಅವನೂ ಹಾಕಕೂಡದು. ಎರಡನೆಯದು: ವಾರಕ್ಕೆ ಎರಡು ರಾತ್ರಿ ಕನ್ನಡ ಓದು ಬರಹ ಕಲಿಸುವ ತರಗತಿ. ಉರ್ದು ಮನೆಯವರು, ಬಿಹಾರ, ಒಡಿಶಾದ ಹುಡುಗರು, ಶಾಲೆ ತಪ್ಪಿದ ನಮ್ಮ ಕನ್ನಡದವರು ಎಲ್ಲರೂ ಬರಲಿ. ಈ ನಾಡಿನಲ್ಲಿ ನಾಲ್ಕು ಜನರ ನಡುವಣ ಮಾತು ಕನ್ನಡವಾಗಬೇಕು. ಅದನ್ನು ಬೈದು ಕಲಿಸುವುದಕ್ಕಾಗುವುದಿಲ್ಲ, ಕೂರಿಸಿಕೊಂಡು ಕಲಿಸಬೇಕು. ಮೂರನೆಯದು: ಕನ್ನಡದವರು ಪಕ್ಕದ ಯಂತ್ರದವನ ಭಾಷೆಯಲ್ಲಿ ಹತ್ತು ಮಾತನ್ನಾದರೂ ಕಲಿಯಬೇಕು. ಹಸಿವು, ನೀರು, ಬೆಂಕಿ, ಹೊಗೆ, ನಿಲ್ಲಿಸು, ಕೈ ತೆಗೆ, ಇವಿಷ್ಟು ಗೊತ್ತಿದ್ದರೆ ಅಪಾಯದ ಹೊತ್ತಿನಲ್ಲಿ ಒಂದು ಜೀವ ಉಳಿಯುತ್ತದೆ.

ತರಗತಿಗೆ ಹೆಸರು ಕೊಡುವವರು ಸಭೆ ಮುಗಿದ ಕೂಡಲೆ ಮುಂದೆ ಬನ್ನಿ. ಬರೆಯಲು ಬಾರದವರ ಹೆಸರನ್ನು ನಾವು ಬರೆದುಕೊಳ್ಳುತ್ತೇವೆ.